ಹೊಗೆಗೂಡಿನ ಮೇಲೆ ನಿಂತ ಕೊಕ್ಕರೆ

ಮೆತೋದಿ ಬರೆದ ಮೊದಲನೆಯ ಹಕ್ಕಿಯನ್ನು ನೋಡಿ ಅವನ ಹೆಂಡತಿ ವೆಲಿಕಾ, "ಬದನೆಕಾಯಿ ಚೆನ್ನಾಗಿ ಬಂದಿದೆ" ಅಂದಳು. ಅದು ಮಿಂಚುಳ್ಳಿ. ಎರಡನೆಯದನ್ನು ಪಕ್ಕದ ಮನೆಯ ಟ್ರ್ಯಾಕ್ಟರ್ ರಾಂಗೆಲ್‌ಗೆ ತೋರಿಸಿದಾಗ ಅವನು ಟೋಪಿ ತೆಗೆದು ತಲೆ ಕೆರೆದುಕೊಂಡು, "ಇದು ನಮ್ಮ ಹಿಂದಿನ ಮೇಯರ್ ಅಲ್ವೇನೋ?" ಅಂದ. ಅದು ಚಂದ್ರಮುಕುಟ. ಬೇಲಿಯಾಚೆಯ ಸ್ತೋಯ್ನಾ ಅಜ್ಜಿಯಂತೂ ಹಳದಿ ಹೊನ್ನಕ್ಕಿಯ ಚಿತ್ರವನ್ನು ಬಹಳ ಹೊತ್ತು ನೋಡಿ, ಕಣ್ಣಲ್ಲಿ ನೀರು ತಂದುಕೊಂಡು, "ಕಾಮಾಲೆ ಬಂದಾಗ ನಮ್ಮ ಮನೆಯವರು ಥೇಟ್ ಹೀಗೇ ಇದ್ರು ಕಣಪ್ಪಾ" ಅಂದಳು.

ಹೆತ್ತವರಿಗೆ ಹೆಗ್ಗಣ ಮುದ್ದು. ಆದರೆ ಆ ಹೆಗ್ಗಣವನ್ನು ಊರಿನವರು ಹೆಗ್ಗಣ ಅಂತಲಾದರೂ ಗುರುತಿಸಬೇಕಲ್ಲ! ಮೆತೋದಿಯ ಸಂಕಟ ಇದ್ದದ್ದು ಅಲ್ಲಿ.

ಗೋರ್ನೊ ಪೆರೊ ಎಂಬ ಆ ಊರಿನ ಕಾರ್ಖಾನೆಯಲ್ಲಿ ಸುಟ್ಟ ಮೆಣಸಿನಕಾಯಿಯನ್ನು ಬಾಟಲಿಗೆ ತುಂಬುತ್ತಿದ್ದರು. ಮೆತೋದಿ ಆ ಬಾಟಲಿಗಳಿಗೆ ಚೀಟಿ ಅಂಟಿಸಿ ಅಂಟಿಸಿ ನಿವೃತ್ತನಾದವನು. ಚೀಟಿಯ ಮೇಲೆ ಒಂದು ಕೆಂಪು ಮೆಣಸಿನಕಾಯಿಯ ಚಿತ್ರ. ಹಾಗಾಗಿ ತನ್ನ ಜೀವಮಾನವೆಲ್ಲ ಚಿತ್ರಗಳ ಒಡನಾಟದಲ್ಲೇ ಕಳೆಯಿತು ಎಂದು ಅವನ ವಾದ. ಇದ್ದದ್ದು ಒಂದೇ ಚಿತ್ರ ಎಂಬುದನ್ನು ಅವನೆದುರು ಎತ್ತಿ ಆಡುವ ಹಾಗಿರಲಿಲ್ಲ. ಹೋದ ಚಳಿಗಾಲದಲ್ಲಿ ಬಾಟಲಿ ಮುಚ್ಚಳ ತರಲು ಪೇಟೆಗೆ ಹೋದವನು ಮುಚ್ಚಳ ಮರೆತು ಆಯಿಲ್ ಪೇಸ್ಟಲ್ ಎಂಬ ಮೇಣದ ಬಣ್ಣದ ಕಡ್ಡಿಗಳ ಡಬ್ಬ ತಂದ. ಡಬ್ಬದ ಮೇಲೆ ಒಂದು ಗಿಣಿಯ ಚಿತ್ರ, ಅದರ ಕೆಳಗೆ 'ಮೂರು ವರ್ಷ ಮೇಲ್ಪಟ್ಟವರಿಗೆ' ಎಂಬ ಸಾಲು. ತನಗೆ ಆ ಅರ್ಹತೆ ಬಂದು ಬಹಳ ಕಾಲವಾಯಿತೆಂದು ಮೆತೋದಿಗೆ ಅನ್ನಿಸಿತು.

ಅಲ್ಲಿಂದ ಶುರುವಾಯಿತು ಪ್ರಯೋಗ. ಕೆಂಪಿನ ಮೇಲೆ ಬಿಳಿ ಉಜ್ಜಿದ, ಹೆಬ್ಬೆರಳಿನಿಂದ ತಿಕ್ಕಿದ, ಸೂರ್ಯಕಾಂತಿ ಎಣ್ಣೆ ಸವರಿ ಮೆತ್ತಗೆ ಮಾಡಿದ, ವೆಲಿಕಾಳ ಫೋರ್ಕಿನಿಂದ ಗೀರಿ ಗರಿ ಮೂಡಿಸಿದ. ಆಯಿಲ್ ಪೇಸ್ಟಲ್ ಅನ್ನುವುದು ಮನೆಗೆ ಬಂದ ದೂರದ ನೆಂಟನ ಹಾಗೆ. ಒಣಗುವುದೂ ಇಲ್ಲ, ಬಿಟ್ಟು ಹೋಗುವುದೂ ಇಲ್ಲ. ಬಾಗಿಲ ಹಿಡಿಗೆ ನೀಲಿ ಬಂತು, ಚೀಸಿಗೆ ಕಿತ್ತಳೆ ಬಂತು, ಬೆಕ್ಕಿನ ಬೆನ್ನಿಗೆ ಹಸಿರು ಪಟ್ಟೆ ಬಂತು. ಭಾನುವಾರದ ಪೂಜೆಗೆ ಹೊರಟ ವೆಲಿಕಾಳ ಬಿಳಿ ಕುಪ್ಪಸದ ಬೆನ್ನಿನ ಮೇಲೆ ಐದೂ ಬೆರಳು ನೇರಳೆಯಾಗಿ ಮೂಡಿದ್ದನ್ನು ಇಗರ್ಜಿಯಲ್ಲಿ ಎಲ್ಲರೂ ನೋಡಿದರು. ಪಾದ್ರಿಗಳು ಮಾತ್ರ ನೋಡದವರಂತೆ ನಟಿಸಿದರು.

ಅಂದು ಮನೆಗೆ ಬಂದ ವೆಲಿಕಾ ತೀರ್ಪು ಕೊಟ್ಟಳು. "ಮೆತೋದಿ, ನೋಡು. ಮಾರ್ತೆನಿತ್ಸಾ ಕಳಚೋದ್ರೊಳಗೆ ಯಾರಾದ್ರೂ ಒಬ್ಬರು, ನೀನು ಹೇಳಿಕೊಡದೆ, ನಿನ್ನ ಹಕ್ಕಿ ಹೆಸರು ಹಿಡಿದು ಹೇಳ್ಲಿ. ಡಬ್ಬ ನಿಂದೇ. ಇಲ್ಲಾಂದ್ರೆ ಶಿಶುವಿಹಾರದ ಮಕ್ಕಳಿಗೆ ಕೊಟ್ಟು ಬರ್ತೀನಿ."

ಮಾರ್ತೆನಿತ್ಸಾ ಅಂದರೆ ಕೆಂಪು ಬಿಳಿ ದಾರ ಹೊಸೆದ ಕಂಕಣ. ಮಾರ್ಚ್ ಒಂದರಂದು ಊರಿಗೆ ಊರೇ ಅದನ್ನು ಕೈಗೆ ಕಟ್ಟಿಕೊಳ್ಳುತ್ತದೆ. ಕಟ್ಟುವುದು ಮಾರ್ತಾ ಅಜ್ಜಿಯ ಭಯಕ್ಕೆ. ಮಾರ್ತಾ ಅಜ್ಜಿ ಅಂದರೆ ಸಾಕ್ಷಾತ್ ಮಾರ್ಚ್ ತಿಂಗಳು, ಒಂದು ಗಳಿಗೆ ನಗುತ್ತಾಳೆ, ಮರುಗಳಿಗೆ ಹಿಮ ಸುರಿಸುತ್ತಾಳೆ. ವರ್ಷದ ಮೊದಲ ಕೊಕ್ಕರೆ ಕಣ್ಣಿಗೆ ಬಿದ್ದ ಮೇಲೆ ದಾರ ಬಿಚ್ಚಿ ಹೂಬಿಟ್ಟ ಮರಕ್ಕೆ ಕಟ್ಟಬೇಕು. ಅದಕ್ಕೂ ಮೊದಲು ಬಿಚ್ಚಿದರೆ ಅಜ್ಜಿಗೆ ಸಿಟ್ಟು ಬರುತ್ತದೆ. ಇದು ಆ ಊರಿನ ಮಗುವಿಗೂ ಗೊತ್ತು.

ಮೆತೋದಿಗೆ ದಿಗಿಲಾಯಿತು. ಕಾರ್ಖಾನೆ ಬಿಟ್ಟ ಮೇಲೆ ಬೆಳಿಗ್ಗೆ ಎದ್ದು ಆಸೆಯಿಂದ ಕೈ ಹಾಕಲು ಅವನಿಗೆ ಇದ್ದದ್ದು ಅದೊಂದೇ ಡಬ್ಬ. ಅದು ಹೋದರೆ ಉಳಿಯುವುದು ಕಿಟಕಿ ಮಾತ್ರ.

ಬಹಳ ಯೋಚಿಸಿ ಅವನು ಕೊಕ್ಕರೆಯನ್ನೇ ಆರಿಸಿದ. ಹಾಳೆ ಹೇಗೂ ಬೆಳ್ಳಗಿರುತ್ತದೆ, ಅರ್ಧ ಕೆಲಸ ಕಾಗದ ಮಾಡುವವನೇ ಮಾಡಿಟ್ಟಿದ್ದಾನೆ. ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ಬಿಚ್ಚಿ, ಬಿಳಿ ಕಾಗದ ಅಂಟಿಸಿ, ಆಳೆತ್ತರದ ಕೊಕ್ಕರೆ ಬರೆದ. ರೆಕ್ಕೆಯ ತುದಿಗೆ ಕಪ್ಪು, ಕೊಕ್ಕಿಗೆ ಕಾಲಿಗೆ ಕೆಂಪು. ಹಿನ್ನೆಲೆಯಲ್ಲಿ ಬರೆದ ಆಕಾಶ ಕೆರೆಯ ಹಾಗೆ ಕಂಡದ್ದರಿಂದ ದ್ರಾಕ್ಷಿ ಬಳ್ಳಿ ಸವರುವ ಕತ್ತರಿ ತಂದು ಆಕಾಶವನ್ನೇ ಕತ್ತರಿಸಿ ಎಸೆದ. ಉಳಿದದ್ದು ಹಕ್ಕಿ ಮಾತ್ರ.

ವೆಲಿಕಾ ಅಡುಗೆಮನೆಯಲ್ಲಿ ಬನಿತ್ಸಾಕ್ಕೆ, ಅಂದರೆ ಚೀಸು ತುಂಬಿದ ಪದರ ರೊಟ್ಟಿಗೆ, ಹಿಟ್ಟು ಲಟ್ಟಿಸುತ್ತಿದ್ದಳು.

"ಇದೇನು ಹೇಳು ನೋಡೋಣ?"

"ಟೈ ಕಟ್ಟಿಕೊಂಡ ಬಾತುಕೋಳಿ."

"ಚಿತ್ರಾನ ಇಷ್ಟು ಹತ್ತಿರದಿಂದ ನೋಡಬಾರದು ವೆಲಿಕಾ! ದೂರದಿಂದ ನೋಡಬೇಕು!"

"ಹಾಗಾದ್ರೆ ದೂರ ಹೋಗು."

ಮೆತೋದಿ ಹೊಸಲು ದಾಟಿ ನಿಂತ. "ಈಗ?"

"ಈಗ ಬಾತುಕೋಳಿಗೆ ಕಾಲು ಬಂತು. ಇನ್ನೂ ದೂರ."

ಬಾವಿಯ ಹತ್ತಿರ ನಿಂತ. "ಈಗ?"

"ಪರವಾಗಿಲ್ಲ. ಇನ್ನೂ ದೂರ!"

ಅವಳಿಗೆ ಬೇಕಾಗಿದ್ದದ್ದು ಬನಿತ್ಸಾ ಒಲೆಗೆ ಹೋಗುವ ತನಕ ಒಂದಿಷ್ಟು ನೆಮ್ಮದಿ. ಆದರೆ ದೂರದ ಬೆಟ್ಟ ನುಣ್ಣಗೆ ಅನ್ನುವುದು ಮೆತೋದಿಗೆ ಅಂದು ಚಿತ್ರಕಲೆಯ ಪರಮ ಸೂತ್ರವಾಗಿ ಹೊಳೆಯಿತು. ಹಿತ್ತಿಲಲ್ಲಿ ಬೇಸಿಗೆ ಅಡುಗೆಯ ಕೊಟ್ಟಿಗೆಯೊಂದಿತ್ತು. ಅದರ ಹೊಗೆಗೂಡಿನ ಮೇಲೆ ಕೊಕ್ಕರೆಯ ಹಳೆಯ ಗೂಡು, ಆಗಸ್ಟಿನಿಂದ ಖಾಲಿ. ಮೆತೋದಿ ಏಣಿ ಹಾಕಿ ಹತ್ತಿ, ಗೂಡಿನಲ್ಲಿ ತನ್ನ ಕೊಕ್ಕರೆಯನ್ನು ನಿಲ್ಲಿಸಿ, ಬೀಳದ ಹಾಗೆ ತಂತಿ ಬಿಗಿದ. ಕೆಳಗಿಳಿದು ಇನ್ನೇನು ಹೆಂಡತಿಯನ್ನು ಕೂಗಬೇಕು, ಅಷ್ಟರಲ್ಲಿ ಬೇಲಿಯಾಚೆಯಿಂದ ಒಂದು ಕಿರುಚಾಟ ಕೇಳಿಸಿತು.

"ಕೊಕ್ಕರೆ! ಅಯ್ಯೋ ನನ್ನಪ್ಪಾ, ಕೊಕ್ಕರೆ ಬಂತು!"

ಸ್ತೋಯ್ನಾ ಅಜ್ಜಿ! ಕೇಳದೆಯೇ, ಯಾರೂ ಹೇಳಿಕೊಡದೆಯೇ, ಹೆಸರು ಹಿಡಿದು! ಮೆತೋದಿಗೆ ನೆಲ ಕಾಣಲಿಲ್ಲ. "ಅಜ್ಜೀ, ಅದು ನಾನು..." ಅಂತ ಬಾಯಿ ತೆರೆದ. ಅಜ್ಜಿ ಬೇಲಿಯ ಮೇಲಿಂದಲೇ ಅವನ ಎರಡೂ ಕೆನ್ನೆಗೆ ಮುತ್ತಿಟ್ಟು, ಕೈಯ ದಾರ ಹರಿದು, ಬೀದಿಯಲ್ಲಿ ಕೂಗುತ್ತಾ ಓಡಿದಳು. ಮಂಡಿನೋವಿಂದ ಒಂದು ವರ್ಷದಿಂದ ಓಡಿರದ ಅಜ್ಜಿ ಅವಳು.

ಮಧ್ಯಾಹ್ನದ ಹೊತ್ತಿಗೆ ಊರೇ ಬೀದಿಯಲ್ಲಿತ್ತು. ಪಂಚಾಯಿತಿಯ ಧ್ವನಿವರ್ಧಕದಲ್ಲಿ ಮೇಯರ್ ಕೊಲ್ಚೆವ್ ಗಂಟಲು ಸರಿಮಾಡಿಕೊಂಡು, "ಇಡೀ ಜಿಲ್ಲೆಯಲ್ಲೇ ಮೊದಲ ಕೊಕ್ಕರೆ ನಮ್ಮ ಊರಿಗೆ ಬಂದಿದೆ, ಇದು ಆಡಳಿತದ ಸಾಧನೆ" ಎಂದು ಘೋಷಿಸಿದ. ಜನ ದಾರ ಬಿಚ್ಚಿ ಬಿಚ್ಚಿ ರಾಂಗೆಲ್‌ನ ಪ್ಲಮ್ ಮರಕ್ಕೆ ಕಟ್ಟಿದರು. ಮೆತೋದಿಯ ಬೆನ್ನು ತಟ್ಟಿ, "ನಿನ್ನ ಮನೆ ಪುಣ್ಯದ ಮನೆ ಮಾರಾಯ" ಅಂದು ಮನೆಯಲ್ಲಿ ಬಟ್ಟಿಯಿಳಿಸಿದ ಹಣ್ಣಿನ ಸಾರಾಯಿ ರಕಿಯಾದ ಬಾಟಲಿ ಕೈಗಿತ್ತರು. ಪ್ರತಿ ಬಾಟಲಿಗೂ ಅವನ ಬಾಯಿ ತೆರೆಯುತ್ತಿತ್ತು, ನಿಜ ಹೇಳಲೆಂದೇ ತೆರೆಯುತ್ತಿತ್ತು. ಅಷ್ಟರಲ್ಲಿ ಯಾರೋ, "ಕೊಕ್ಕು ನೋಡು, ಎಷ್ಟು ಲಕ್ಷಣವಾಗಿದೆ!" ಅನ್ನುವರು. ಕಲಾವಿದನಾದವನು ಅಂಥ ಹೊತ್ತಿನಲ್ಲಿ ಬಾಯಿ ಹೇಗೆ ತೆರೆದಾನು? ಮುಚ್ಚಿಕೊಂಡ.

ವೆಲಿಕಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಹೊಗೆಗೂಡು ನೋಡಿದಳು, ಗಂಡನ ಮುಖ ನೋಡಿದಳು. "ಹ್ಞೂಂ" ಅಂದು ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು ಒಳಗೆ ಹೋದಳು.

ತೊಂದರೆ ಶುರುವಾದದ್ದು ಮಾರನೆಯ ದಿನ. ದ್ರಾಕ್ಷಿ ತೋಟ ಉಳಬೇಕಾಗಿದ್ದ ರಾಂಗೆಲ್ ಟ್ರ್ಯಾಕ್ಟರಿನ ಸೀಟಿನ ಮೇಲೆ ಕಂಬಳಿ ಹಾಸಿಕೊಂಡು ಮಲಗಿದ್ದ.

"ಏನೋ ಇದು ರಾಂಗೆಲ್, ಹುಷಾರಿಲ್ವಾ?"

"ಮೊದಲ ಕೊಕ್ಕರೆ ಹಾರೋದನ್ನ ನೋಡಿದ್ರೆ ವರ್ಷವಿಡೀ ಓಡಾಟ. ನಿಂತದ್ದು ನೋಡಿದ್ರೆ ವರ್ಷವಿಡೀ ಸೋಮಾರಿತನ. ನಾನು ನೋಡಿದ್ದು ನಿಂತದ್ದು. ನಾನೇನು ಮಾಡ್ಲಿ ಹೇಳು? ನಂಗೆ ದುಡಿಯೋ ಆಸೆ ಇದೆ ಕಣೋ. ಹಣೆಬರಹ ಬಿಡ್ತಾ ಇಲ್ಲ!"

ಹಣೆಬರಹ ಬರೀ ರಾಂಗೆಲ್‌ನನ್ನು ಹಿಡಿದಿದ್ದರೆ ಊರು ಸಹಿಸಿಕೊಳ್ಳುತ್ತಿತ್ತು. ಎಲ್ಲರೂ ನೋಡಿದ್ದು ಅದೇ ನಿಂತ ಕೊಕ್ಕರೆ. ಬಳ್ಳಿ ಸವರುವವರು ಕತ್ತರಿ ಕೆಳಗಿಟ್ಟರು, ಸೊಸೆಯಂದಿರು ಅತ್ತೆಯಂದಿರಿಗೆ ಕೊಕ್ಕರೆ ತೋರಿಸಿ ಹಾಸಿಗೆಯಲ್ಲೇ ಉಳಿದರು. ಅಂಚೆಯಣ್ಣ ಕೂತಲ್ಲಿಂದಲೇ, "ಬೇಕಾದವರು ಬಂದು ತಗೊಂಡು ಹೋಗಿ" ಅಂದ.

ಮೂರನೆಯ ದಿನ ಮೇಯರ್ ಕೊಲ್ಚೆವ್ ಟೋಪಿ ಕೈಯಲ್ಲಿ ಹಿಡಿದು ಮೆತೋದಿಯ ಬಾಗಿಲಿಗೆ ಬಂದ.

"ಮೆತೋದಿ, ನಿಮ್ಮ ಹಕ್ಕಿ ಒಂದು ಸ್ವಲ್ಪ ಹಾರಬಾರದಾ? ಜಾಸ್ತಿ ಬೇಡ. ಊರಿನ ಮೇಲೆ ಒಂದು ಸುತ್ತು."

"ಅದು... ಆಫ್ರಿಕಾದಿಂದ ಬಂದಿದೆಯಲ್ಲ ಮೇಯರ್ರೇ. ಸುಸ್ತಾಗಿದೆ."

"ನಂಗೂ ಸುಸ್ತಾಗಿದೆ. ಆದ್ರೂ ಆಫೀಸಿಗೆ ಬರ್ತಿಲ್ವಾ? ಮನೆ ಯಜಮಾನರು ನೀವು. ಸ್ವಲ್ಪ ಗದರಿಸಿ ಹೇಳಿ ಅದಕ್ಕೆ!"

ಅವನು ಹೋದದ್ದೇ ಮೆತೋದಿ ಏಣಿ ಎತ್ತಿದ. ಸದ್ದಿಲ್ಲದೆ ಇಳಿಸಿಬಿಟ್ಟರೆ ಮುಗಿಯಿತಲ್ಲ! ಎರಡು ಮೆಟ್ಟಿಲು ಹತ್ತಿರಲಿಲ್ಲ, ಬೇಲಿಯಾಚೆಯಿಂದ ಸ್ತೋಯ್ನಾ ಅಜ್ಜಿ ಗುಡುಗಿದಳು.

"ಲೋ ಮೆತೋದಿ! ಕೊಕ್ಕರೆ ಗೂಡಿಗೆ ಕೈ ಹಾಕ್ತೀಯಾ? ಕೊಕ್ಕರೆ ಬಿಟ್ಟುಹೋದ ಮನೆ ಉದ್ಧಾರ ಆದದ್ದುಂಟೇನೋ? ಇಳಿ ಕೆಳಗೆ!"

ಮೆತೋದಿ ಇಳಿದ. ಬಿಸಿತುಪ್ಪ ಬಾಯಲ್ಲಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಅಷ್ಟರಲ್ಲಿ ಮಾರ್ತಾ ಅಜ್ಜಿಗೆ ಸಿಟ್ಟು ಬಂತು. ಬರದೆ ಇರುತ್ತದೆಯೇ? ಊರಿಗೆ ಊರೇ ಅವಳ ದಾರ ಕಿತ್ತೆಸೆದು ಕೂತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಬೇಲಿ ಮುಳುಗುವಷ್ಟು ಹಿಮ. ಆ ಹಿಮದ ನಡುವೆ ಹೊಗೆಗೂಡಿನ ಮೇಲೆ ಕೊಕ್ಕರೆ ಹಾಗೇ ನಿಂತಿತ್ತು, ತಲೆಯ ಮೇಲೆ ಹಿಮದ ಟೋಪಿ, ಬೆನ್ನ ಮೇಲೆ ಹಿಮದ ಮೂಟೆ. ತಮ್ಮ ಸೋಮಾರಿತನವನ್ನೆಲ್ಲ ಮರೆತು ಜನ ಮೆತೋದಿಯ ಹಿತ್ತಿಲಿಗೆ ನುಗ್ಗಿದರು. ಒಬ್ಬಳು ಮೀನು ತಂದಳು, ಒಬ್ಬ ಕಂಬಳಿ ತಂದ, ರಾಂಗೆಲ್ ತನ್ನ ಉಣ್ಣೆಯ ಕಾಲುಚೀಲವನ್ನೇ ಬಿಚ್ಚಿ ತಂದ. ಎಂದೂ ಯಾರಿಗೂ ಒಂದು ಮೊಳೆ ಕೊಡದ ಆಸಾಮಿ ಅವನು. ಆ ಮುಖಗಳಲ್ಲಿನ ಮರುಕ ನೋಡಿ ಮೆತೋದಿಗೆ ನಾಚಿಕೆಯಿಂದ ಅಳುವೇ ಬಂತು.

ಮೇಯರ್ ಪೇಟೆಗೆ ಫೋನು ಮಾಡಿದ್ದ. ಅಗ್ನಿಶಾಮಕದ ಲಾರಿ ಉದ್ದ ಏಣಿ ಹೊತ್ತು ಹಿಮ ಸೀಳಿಕೊಂಡು ಬಂತು. ಅದರಿಂದ ಹಕ್ಕಿಗಳ ಇಲಾಖೆಯ ಇಸ್ಕ್ರಾ ಎಂಬ ತರುಣಿ, ಕೈಯಲ್ಲಿ ಔಷಧಿ ಚೀಲ ಹಿಡಿದು ಇಳಿದಳು.

"ಮೇಡಂ, ನಾನೇ ಹತ್ತಿ ತರ್ತೀನಿ" ಅಂತ ಮೆತೋದಿ ಅಡ್ಡ ಬಂದ. "ನನ್ನ ಮನೆ ಗೂಡು. ಬೇರೆಯವರು ಹತ್ತಿದ್ರೆ ಅದು ಹೆದರತ್ತೆ."

"ಕೊಕ್ಕಿನ ಹತ್ತಿರ ಹುಷಾರು. ಕಣ್ಣಿಗೇ ಕುಕ್ಕತ್ತೆ."

ಮೆತೋದಿ ಕಂಬಳಿ ಹೆಗಲಿಗೆ ಹಾಕಿಕೊಂಡು ಹತ್ತಿದ. ಮೇಲೆ ಹೋಗಿ ನೋಡಿದರೆ ತಂತಿ ಹೆಪ್ಪುಗಟ್ಟಿದೆ. ಎಳೆದ, ಜಗ್ಗಿದ, ಕೊಕ್ಕರೆಯನ್ನು ಎರಡೂ ಕೈಯಲ್ಲಿ ತಬ್ಬಿ ಅಲ್ಲಾಡಿಸಿದ. ಕೆಳಗಿನಿಂದ ಜನ, "ಒದ್ದಾಡ್ತಿದೆ! ಜೀವ ಇದೆ! ಬಿಡಬೇಡ ಮೆತೋದಿ!" ಅಂತ ಕೂಗಿದರು. ಕೊನೆಗೆ ತಂತಿ ಕಿತ್ತು ಬಂತು. ಕಂಬಳಿ ಸುತ್ತಿ, ಎದೆಗೆ ಒತ್ತಿಕೊಂಡು, ಮುಖವನ್ನು ಕೊಕ್ಕರೆಯ ಕತ್ತಿಗೆ ಆನಿಸಿ ಮೆಲ್ಲಗೆ ಇಳಿದ. ಕಂಬಳಿಯಿಂದ ಎರಡು ಕೆಂಪು ಕಾಲು ನೆಟ್ಟಗೆ ಚಾಚಿಕೊಂಡಿದ್ದವು.

"ಸೆಟೆದುಹೋಗಿದೆ ನನ್ನ ಕಂದ" ಅಂತ ಸ್ತೋಯ್ನಾ ಅಜ್ಜಿ ಬಿಕ್ಕಿದಳು. ಮುಟ್ಟಿ ಎತ್ತಿ ನೋಡಿ, "ಎಷ್ಟು ಹಗುರ ಆಗ್ಬಿಟ್ಟಿದೆ!" ಅಂದಳು.

ಮೆತೋದಿ ಯಾರಿಗೂ ನಿಲ್ಲದೆ ಅಡುಗೆಮನೆಗೆ ನುಗ್ಗಿದ. ಇಸ್ಕ್ರಾ ಹಿಂದೆಯೇ ನುಗ್ಗಿದಳು. ಅವನ ಮುಖ ನೋಡಿದವಳೇ ಬೆಚ್ಚಿಬಿದ್ದಳು.

"ಅಯ್ಯೋ, ರಕ್ತ! ಕುಕ್ಕಿಬಿಡ್ತಾ?"

ಬಟ್ಟೆ ತೆಗೆದು ಅವನ ಕೆನ್ನೆ ಒರೆಸಿದಳು. ರಕ್ತ ಹೋಗಲಿಲ್ಲ, ಕಿವಿಯ ತನಕ ಹರಡಿತು. ಗಲ್ಲದಿಂದ ಕಪ್ಪು ಬಂದು ಅದಕ್ಕೆ ಸೇರಿಕೊಂಡಿತು. ಬಟ್ಟೆ ಮೂಸಿ ನೋಡಿದಳು. ಮೇಣದ ವಾಸನೆ. ಮೆಲ್ಲಗೆ ಕಂಬಳಿ ಸರಿಸಿದಳು.

ಮೆತೋದಿಗೆ ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಆದರೂ ಕಲಾವಿದನ ಆಸೆ ಕೆಟ್ಟದ್ದು. "ಮೇಡಂ, ನೀವು ಹಕ್ಕಿ ಬಲ್ಲವರು. ನಿಜ ಹೇಳಿ. ಇದು ಏನು?"

ಇಸ್ಕ್ರಾ ಬಗ್ಗಿ ನೋಡಿದಳು. ಇಲಾಖೆಯವರು ಹೇಗೆ ನೋಡಬೇಕೋ ಹಾಗೆ, ಮೇಲಿಂದ ಕೆಳಗೆ, ಹಿಂದೆ ಮುಂದೆ ನೋಡಿದಳು.

"ಇದು ರಟ್ಟು" ಅಂದಳು.

ಅಷ್ಟರಲ್ಲಿ ಮೇಯರ್, ರಾಂಗೆಲ್, ಅಜ್ಜಿ, ಅಗ್ನಿಶಾಮಕದವರು ಎಲ್ಲ ಬಾಗಿಲಲ್ಲಿ ಕಿಕ್ಕಿರಿದಿದ್ದರು. ಮೆತೋದಿ ಅವರ ಕಡೆ ತಿರುಗಿ, ಕೆಂಪು ಕಪ್ಪು ಮುಖ ಹೊತ್ತು, ಎಲ್ಲವನ್ನೂ ಒಪ್ಪಿಕೊಂಡ.

ಮೊದಲು ಮಾತು ಬಂದದ್ದು ರಾಂಗೆಲ್‌ಗೆ. "ಹಾಗಾದ್ರೆ ನಾನು ನಿಂತ ಕೊಕ್ಕರೆ ನೋಡಿಲ್ಲ?" ಅಂತ ಕೇಳಿದ. ಅವನ ಮುಖ ನೋಡುವಂತಿರಲಿಲ್ಲ. "ಈ ವರ್ಷ ಮತ್ತೆ ಕೆಲಸ ಮಾಡ್ಬೇಕಾ?"

"ನಾನು ನೋಡಿದ್ದು ಕೊಕ್ಕರೆಯೇ" ಅಂತ ಅಜ್ಜಿ ಕಡ್ಡಿ ತುಂಡುಮಾಡಿದಂತೆ ಹೇಳಿದಳು. "ಇವನು ಏನು ಬರೆದನೋ ನಂಗೊತ್ತಿಲ್ಲ."

"ದಾರ!" ಅಂತ ಯಾರೋ ಕೂಗಿದರು. ಮಾರ್ತಾ ಅಜ್ಜಿಯ ಸಿಟ್ಟಿನ ಕಾರಣ ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ಊರೇ ಪ್ಲಮ್ ಮರದತ್ತ ಓಡಿತು. ಕೆಂಪು ಬಿಳಿ ದಾರಗಳಲ್ಲಿ ನಿನ್ನದು ಯಾವುದು, ನನ್ನದು ಯಾವುದು? "ಅದು ನಂದು, ಬಿಡೇ!" "ನಿನ್ನದಕ್ಕೆ ಎರಡು ಗಂಟು ಇತ್ತು, ಸುಳ್ಳಿ!" ಎಂಬ ಜಗಳದಲ್ಲಿ ಮರದ ಹೂವಿಗಿಂತ ಹೆಚ್ಚು ಕೊಂಬೆ ಉದುರಿದವು. ಮೇಯರ್ ಮಾತ್ರ ಹಿಂದೆ ಉಳಿದು, ಆಡಳಿತದ ಮಾನ ಉಳಿಸಲು ಅಲ್ಲೇ ಒಂದು ನಿಯಮ ಮಾಡಿದ. "ಮೆತೋದಿ, ಇನ್ನು ಮುಂದೆ ನೀವು ವಲಸೆ ಹಕ್ಕಿ ಬರೆಯೋ ಹಾಗಿಲ್ಲ. ಗುಬ್ಬಚ್ಚಿ, ಕಾಗೆ, ಕೋಳಿ, ಯಾವುದು ವರ್ಷಪೂರ್ತಿ ಇಲ್ಲೇ ಇರುತ್ತೋ ಅದನ್ನ ಬರಕೊಳ್ಳಿ."

ಇಸ್ಕ್ರಾ ಲಾರಿ ಹತ್ತುವವರೆಗೂ ತಡೆದುಕೊಂಡಿದ್ದ ನಗುವನ್ನು ಲಾರಿ ಹತ್ತಿದ ಮೇಲೆ ನಕ್ಕಳು.

ಸಂಜೆ ಅಡುಗೆಮನೆಯಲ್ಲಿ ಮೆತೋದಿ ಕಡ್ಡಿಗಳನ್ನೆಲ್ಲ ಒರೆಸಿ ಡಬ್ಬದೊಳಗೆ ಸಾಲಾಗಿ ಇಟ್ಟ. ಕೆಂಪು, ಕಪ್ಪು ತೀರ ಚಿಕ್ಕವಾಗಿದ್ದವು. ಮುಚ್ಚಳ ಹಾಕಿ ಡಬ್ಬವನ್ನು ವೆಲಿಕಾಳ ಮುಂದೆ ಸರಿಸಿದ. "ತಗೋ. ಶಿಶುವಿಹಾರಕ್ಕೆ ಕೊಟ್ಟು ಬಾ. ಊರೆಲ್ಲ ದಾರ ಬಿಚ್ಚಿ ಆಯ್ತು. ಮಾತು ಮಾತೇ."

ವೆಲಿಕಾ ಅಂಗಿಯ ತೋಳನ್ನು ಮೇಲೆ ಸರಿಸಿದಳು. ಮಣಿಕಟ್ಟಿನಲ್ಲಿ ಕೆಂಪು ಬಿಳಿ ದಾರ ಹಾಗೇ ಇತ್ತು.

"ನೀನು ಬಿಚ್ಚಿರಲಿಲ್ವಾ?"

"ಕೊಕ್ಕರೆ ಬಂದಿರಲಿಲ್ವಲ್ಲ."

"ಹಾಗಾದ್ರೆ ನಿಂಗೆ ಮೊದಲೇ ಗೊತ್ತಿತ್ತಾ? ಮತ್ತೆ ಯಾಕೆ ಹೇಳಲಿಲ್ಲ, ಪುಣ್ಯಾತ್ಗಿತ್ತಿ?"

"ಹೇಳೋಣ ಅಂತಲೇ ಹೊರಗೆ ಬಂದೆ. ಊರೆಲ್ಲ ಕೊಕ್ಕರೆ ಕೊಕ್ಕರೆ ಅಂತ ಕುಣೀತಿತ್ತು, ನೀನು ಅವರ ಮಧ್ಯೆ ನಿಂತಿದ್ದೆ. ನಿನ್ನ ಮುಖ ನೋಡಿದೆ. ನಮ್ಮ ಮದುವೆ ದಿನವೂ ನಿನ್ನ ಮುಖ ಅಷ್ಟು ಬೆಳಗಿರಲಿಲ್ಲ ಕಣೋ. ಹೇಳೋಕೆ ಮನಸ್ಸು ಬರಲಿಲ್ಲ." ಡಬ್ಬವನ್ನು ತಿರುಗಿ ಅವನ ಕಡೆಗೇ ತಳ್ಳಿದಳು. "ನನ್ನ ದಾರ ಇನ್ನೂ ಕೈಯಲ್ಲಿದೆ. ಗಡುವು ಮುಗಿದಿಲ್ಲ. ಅಜ್ಜಿ ಹೆಸರು ಹೇಳಿದ್ದಾಳೆ, ಒಂದು ಸಲ ಅಲ್ಲ, ಬೀದಿ ತುಂಬ ಹೇಳಿದ್ದಾಳೆ. ಡಬ್ಬ ನಿಂದೇ. ಬೆಕ್ಕನ್ನ ಮಾತ್ರ ಬಿಟ್ಟುಬಿಡು."

ಮೆತೋದಿ ಅವಳ ಕೈ ಹಿಡಿಯಲು ಹೋದ. "ಕೈ ತೊಳ್ಕೊಂಡು ಬಾ" ಅಂದಳು.

ಹಿಮ ಕರಗಿದ ಮೇಲೆ ಒಂದು ಬೆಳಿಗ್ಗೆ ಊರಿನ ಮೇಲೆ ಅಗಲ ರೆಕ್ಕೆಯ ಹಕ್ಕಿಯೊಂದು ತೇಲುತ್ತಾ ಬಂತು. ಒಂದು ಸುತ್ತು ಹಾಕಿ ಮೆತೋದಿಯ ಹೊಗೆಗೂಡಿನ ಮೇಲೆ ಇಳಿದು, ಕೊಕ್ಕು ಕಟಕಟ ಬಡಿಯಿತು. ಬೀದಿಯಲ್ಲಿ ಜನ ಸೇರಿದರು. ಯಾರೂ ದಾರಕ್ಕೆ ಕೈ ಹಾಕಲಿಲ್ಲ, ಯಾರೂ ಕೂಗಲಿಲ್ಲ. ಎಲ್ಲರೂ ಒಟ್ಟಿಗೆ ಮೆತೋದಿಯ ಕಡೆ ತಿರುಗಿದರು.

"ಮೆತೋದಿ" ಅಂತ ಮೇಯರ್ ಗಂಭೀರವಾಗಿ ಕೇಳಿದ, "ಇದು ನಿಮ್ದಾ?"

"ನನ್ನದಲ್ಲ ಮೇಯರ್ರೇ."

"ಹಾರಿತಲ್ಲೋ!" ಅಂತ ರಾಂಗೆಲ್ ಗೋಳಾಡಿದ. "ಈಗ ಹಾರೋದನ್ನೂ ಕಲಿಸಿಬಿಟ್ಯಾ? ಪ್ರಮಾಣ ಮಾಡು!"

ಮೆತೋದಿ ಪ್ರಮಾಣ ಮಾಡಿದ. ಯಾರೂ ನಂಬಲಿಲ್ಲ. ಆಗ ವೆಲಿಕಾ ಬಾಗಿಲಿಗೆ ಬಂದು, ಮೇಲೆ ನೋಡಿ, ತನ್ನ ಕೈಯ ದಾರ ಬಿಚ್ಚಿದಳು. ಅದನ್ನು ನೋಡಿ ಊರೂ ಬಿಚ್ಚಿತು.

ಸ್ತೋಯ್ನಾ ಅಜ್ಜಿ ಮಾತ್ರ ಕಣ್ಣಿಗೆ ಕೈ ಅಡ್ಡ ಹಿಡಿದು ಹೊಗೆಗೂಡನ್ನು ಇನ್ನೂ ನೋಡುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ಬೇಲಿಯತ್ತ ಬಗ್ಗಿ, ಮೆತೋದಿಗೆ ಮಾತ್ರ ಕೇಳುವ ಹಾಗೆ ಹೇಳಿದಳು:

"ಇದರ ಕಾಲು ಯಾಕೋ ಸರಿಯಾಗಿ ಬಂದಿಲ್ಲ ಕಣಪ್ಪಾ. ನಿಂದೇ ವಾಸಿ ಇತ್ತು."